ಸಹಸ್ರಳ ತಾಯಿ ಒಪ್ಪಿಕೊಂಡ ಮಾತು

ನಮ್ಮ ಓಣಿಯಲ್ಲಿ ಕುಡಿಯದ ಹೆಂಗಸರು ಯಾರು ಎಂದು ಕೇಳಿದರೆ ಬೆರಳು ಮಡಿಸುವ ಮುಂಚೆಯೇ ಲೆಕ್ಕ ಮುಗಿದುಹೋಗುತ್ತದೆ. ನಾನು ಲಚ್ಚವ್ವ, ನಾನೂ ಕುಡಿಯುತ್ತೇನೆ. ಬೆಳಗಿನಿಂದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತಿ ಸುತ್ತಿ ಬೆನ್ನು ಬಿಲ್ಲಾದ ಮೇಲೆ, ಸಂಜೆ ಕಾಂಪೌಂಡಿಗೆ, ಎಂದರೆ ನಮ್ಮ ಕಳ್ಳಂಗಡಿಗೆ, ಹೋಗಿ ಒಂದು ಬಾಟಲಿ ಕಳ್ಳು ಇಳಿಸದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮುಖಕ್ಕೆ ಹಿಡಿಯಬಾರದು.

ಕಳ್ಳು ಎಂದ ಕೂಡಲೇ ಮರದಿಂದ ಇಳಿಸಿದ್ದು ಎಂದುಕೊಳ್ಳಬೇಡಿ. ನಮ್ಮ ಊರ ಸುತ್ತ ಇರುವ ಈಚಲು ಮರಗಳ ಹೆಂಡ ಊರ ಗಂಡಸರ ಬಾಯಿ ಒದ್ದೆ ಮಾಡುವುದಕ್ಕೂ ಸಾಲದು. ಆದರೂ ಕಾಂಪೌಂಡಿನಲ್ಲಿ ಗೋಡೆಯೆತ್ತರ ಬಾಟಲಿ. ಬರೀ ನೀರು, ಸ್ಯಾಕರಿನ್, ಮೇಲೊಂದು ಬಿಳಿ ಪುಡಿ. ಆ ಪುಡಿಯನ್ನು ದೊಡ್ಡಾಸ್ಪತ್ರೆಯಲ್ಲಿ ತಲೆ ಕೆಟ್ಟವರಿಗೆ ನಿದ್ದೆ ಬರಲೆಂದು ಕೊಡುತ್ತಾರಂತೆ. ಇದು ಎಲ್ಲರಿಗೂ ಗೊತ್ತು, ಗೊತ್ತಿದ್ದೇ ಕುಡಿಯುತ್ತೇವೆ. ಕುಡಿದರೆ ಬೆನ್ನು ನೋಯುವುದಿಲ್ಲ, ಗಂಡ ದುಬೈಯಲ್ಲಿ ಕೂತಿರುವ ಹೆಂಗಸರಿಗೆ ಅದೂ ನೋಯುವುದಿಲ್ಲ. ಒಂದು ದಿನ ತಪ್ಪಿದರೆ ಮಾತ್ರ ಅದರ ನಿಜ ಬಣ್ಣ ಕಾಣುತ್ತದೆ. ಕೈ ನಡುಗುತ್ತದೆ, ನಾಲಿಗೆ ತೊದಲುತ್ತದೆ, ಗೋಡೆಯ ಮೇಲೆ ಇಲ್ಲದ ಇರುವೆಗಳು ಹರಿಯುತ್ತವೆ. ಒಮ್ಮೆ ಅಬಕಾರಿಯವರು ಬಂದು ಕಾಂಪೌಂಡಿಗೆ ಬೀಗ ಜಡಿದಾಗ, ಈ ಓಣಿಯ ಜನ ಮೈಮೇಲಿನ ಬಟ್ಟೆಯ ಪರಿವೆ ಇಲ್ಲದೆ ರಸ್ತೆಯಲ್ಲಿ ಓಡಾಡಿದ್ದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದರೆ, ನಾನೂ ಅವರ ಜೊತೆ ಓಡುತ್ತಿದ್ದೆ.

ಗಂಗಮಣಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ರಾಜೇಶಂ ಮದುವೆಯಾದ ವರ್ಷವೇ ದುಬೈಗೆ ಗಾರೆ ಕೆಲಸಕ್ಕೆ ಹೋದವನು, ನಡುವೆ ಒಮ್ಮೆ ಬಂದು ಹೋದ. ಆ ಒಂದು ಬರವಿನ ಫಲವೇ ಸಹಸ್ರ. ಮನೆಯಲ್ಲಿ ಅತ್ತೆ ಸಾಯವ್ವ, ಸೊಸೆ ಗಂಗಮಣಿ, ಈ ಕೂಸು, ಮೂರೇ ಜನ. ಅತ್ತೆ ಸೊಸೆ ಹಗಲೆಲ್ಲ ಜಗಳವಾಡುತ್ತ ಬೀಡಿ ಸುತ್ತುತ್ತಿದ್ದರು, ಸಂಜೆಯಾದರೆ ಮಗುವನ್ನು ಎತ್ತಿಕೊಂಡು ಒಟ್ಟಿಗೇ ಕಾಂಪೌಂಡಿಗೆ ಹೋಗುತ್ತಿದ್ದರು. ಅಲ್ಲಿ ಮಾತ್ರ ಅವರಿಗೆ ಒಗ್ಗಟ್ಟು.

ಸಹಸ್ರ ಅಂಬೆಗಾಲಿಕ್ಕಲು ಕಲಿತ ಹೊಸತು. ಒಂದು ಸಂಜೆ ಗಂಗಮಣಿ ಕಾಂಪೌಂಡಿನ ಗೋಡೆಗೆ ಒರಗಿದವಳು ಒರಗಿದಂತೆಯೇ ಮೈಮರೆತಳು. ಮಗು ಮಡಿಲಿಂದ ಇಳಿದು, ಒಡೆದ ಬಾಟಲಿಗಳ ನಡುವೆ ತೆವಳಿಕೊಂಡು ಬಾಗಿಲು ದಾಟಿ ರಸ್ತೆಗೆ ಬಂತು. ಲಾರಿಯವನು ಬ್ರೇಕು ಹಾಕಿದ್ದಕ್ಕೆ ಉಳಿಯಿತು. ಮೊಣಕಾಲಲ್ಲಿ ರಕ್ತ ಸುರಿಸುತ್ತ ಅಳುವ ಮಗು, ಬಾಯಿ ತೆರೆದು ಬಿದ್ದ ತಾಯಿ, ಎರಡನ್ನೂ ಯಾವನೋ ಫೋನಿನಲ್ಲಿ ಹಿಡಿದ. ಅದು ದುಬೈಗೆ ಹೋಗಲು ವಿಮಾನ ಬೇಕಾಗಲಿಲ್ಲ.

ಕುಲಸಂಘದ ಹಿರಿಯರು ಕೂತರು. ಹಿರಿಯ ನರಹರಿ ಫೋನನ್ನು ಜೋರಾಗಿಟ್ಟು ಹಿಡಿದಿದ್ದ, ದುಬೈಯಿಂದ ರಾಜೇಶಂ ಕೂಗುತ್ತಿದ್ದ. ಜಗಿತ್ಯಾಲ ಪೇಟೆಯಿಂದ ಅವನ ಅಕ್ಕ ಪ್ರಮೀಲ ಬಂದಿದ್ದಳು. ಅವಳು ಭಜನೆಯವಳು, ಕೊರಳಲ್ಲಿ ತುಳಸಿಮಣಿ, ಈರುಳ್ಳಿಯನ್ನೂ ಮುಟ್ಟುವವಳಲ್ಲ. ಗಂಡನದು ಬಟ್ಟೆ ಅಂಗಡಿ, ಮಕ್ಕಳಿಲ್ಲ. ಕಡೆಗೆ ತೀರ್ಪಾಯಿತು: ರಾಜೇಶಂ ದಸರಾಕ್ಕೆ ಊರಿಗೆ ಬರುತ್ತಾನೆ. ಅಲ್ಲಿಯತನಕ ಗಂಗಮಣಿ ಕಾಂಪೌಂಡಿನ ಹೊಸಿಲು ತುಳಿಯಕೂಡದು, ಕಳ್ಳು ಮುಟ್ಟಕೂಡದು. ಮುಟ್ಟಿದಳೋ, ಮಗು ಪ್ರಮೀಲಳ ಪಾಲು. ಈ ತೀರ್ಪು ಹೇಳಿ ಹಿರಿಯರು ಎದ್ದರು, ಅವರಲ್ಲಿ ಅರ್ಧ ಜನ ಅಲ್ಲಿಂದ ನೇರ ಕಾಂಪೌಂಡಿಗೆ ಹೋದರು.

"ದೊಡ್ಡವ್ವ, ನನ್ನ ಒಂದು ಕೋಣೇಲಿ ಹಾಕಿ ಚಿಲಕ ಹಾಕು" ಎಂದಳು ಗಂಗಮಣಿ ಅದೇ ಸಂಜೆ ನನ್ನ ಹತ್ತಿರ ಬಂದು. "ಎಷ್ಟು ಬೈದ್ರೂ ತೆಗೀಬೇಡ. ಅತ್ತೂ ತೆಗೀಬೇಡ."

"ಏನೇ ಹುಡುಗಿ, ಒಂದೇ ಸಲಕ್ಕೆ ಬಿಟ್ರೆ ಸತ್ತುಹೋಗ್ತೀಯ. ದಿನಾ ಒಂಚೂರು ಒಂಚೂರು ಕಮ್ಮಿ ಮಾಡು."

"ಒಂಚೂರು ಕುಡಿದು ನಿಲ್ಲಿಸೋದು ನನ್ನ ಕೈಲಿ ಆಗಿದ್ರೆ ಇಷ್ಟೆಲ್ಲ ಯಾಕಾಗ್ತಿತ್ತು? ನಿನ್ನ ಕೈಲಿ ಆಗುತ್ತಾ?"

ಬೀಡಿ ಎಲೆ ಇಡುವ ನಮ್ಮ ಹಿಂದಿನ ಕೋಣೆಯಲ್ಲಿ ಅವಳನ್ನು ಹಾಕಿ ಚಿಲಕ ಎಳೆದೆ. ತಲೆಯನ್ನು ಗೋಡೆಗೆ ಬಡಿದುಕೊಂಡಳು. ನಾಲಿಗೆ ಕಚ್ಚಿಕೊಂಡು ಎದೆಯ ಮೇಲೆಲ್ಲ ರಕ್ತ ಮಾಡಿಕೊಂಡಳು. ಮೈಮೇಲೆ ಹುಳ ಹರಿಯುತ್ತಿದೆ ಎಂದು ಉಗುರಿನಿಂದ ತೋಳು ಕೆರೆದಳು. ನನ್ನ ವಂಶವನ್ನೆಲ್ಲ ಬೈದಳು, ಸತ್ತ ನನ್ನ ಗಂಡನನ್ನೂ ಬಿಡಲಿಲ್ಲ. ಅವನ ಬಗ್ಗೆ ಹೇಳಿದ್ದರಲ್ಲಿ ಅರ್ಧ ನಿಜವೇ ಇತ್ತು, ಹಾಗಾಗಿ ನನಗೆ ಸಿಟ್ಟು ಬರಲಿಲ್ಲ. ಮಜ್ಜಿಗೆ, ಗಂಜಿ ಬಾಗಿಲ ಸಂದಿಯಲ್ಲಿ ತಳ್ಳುತ್ತಿದ್ದೆ, ಅದು ನನ್ನ ಮುಖಕ್ಕೇ ವಾಪಸು ಬರುತ್ತಿತ್ತು. ಆದರೆ ಒಮ್ಮೆಯೂ ಅವಳು "ಕಳ್ಳು ಕೊಡು" ಎನ್ನಲಿಲ್ಲ. "ಸಹಸ್ರಳನ್ನ ತೋರಿಸು" ಎನ್ನುತ್ತಿದ್ದಳು. ಮಗುವನ್ನು ಕಿಟಕಿಗೆ ಹಿಡಿದರೆ ಮುಖ ಮುಚ್ಚಿಕೊಂಡು "ಬೇಡ, ಕರ್ಕೊಂಡು ಹೋಗು, ನನ್ನ ನೋಡೋದು ಬೇಡ" ಎನ್ನುತ್ತಿದ್ದಳು.

ಹಲವು ದಿನ ಕಳೆದು ಚಿಲಕ ತೆಗೆದಾಗ ಹೊರಗೆ ಬಂದದ್ದು ಕಡ್ಡಿಗೆ ಸೀರೆ ಸುತ್ತಿದಂಥ ಹೆಣ್ಣು. ಎದೆಹಾಲು ಬತ್ತಿತ್ತು. ಬೀಡಿ ಸುತ್ತಲು ಕೂತರೆ ಕೈ ನಡುಗಿ ಎಲೆ ಹರಿಯುತ್ತಿತ್ತು, ಕಾರ್ಖಾನೆಯವನು ಅವಳ ಕಟ್ಟುಗಳನ್ನು ಎತ್ತಿ ಎತ್ತಿ ಎಸೆಯುತ್ತಿದ್ದ. ಅವಳು ಮಾತ್ರ ಎದೆಗುಂದಲಿಲ್ಲ. ಸಂಜೆ ಓಣಿಯೆಲ್ಲ ಕಾಂಪೌಂಡಿನ ಕಡೆ ಹರಿಯುವಾಗ ಬಾಗಿಲು ಹಾಕಿಕೊಂಡು, ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು, ತೊಟ್ಟಿಲು ತೂಗುತ್ತ ಕೂತಿರುತ್ತಿದ್ದಳು. ಕೈ ನಿಧಾನವಾಗಿ ಸ್ಥಿಮಿತಕ್ಕೆ ಬಂತು. ಮುಖಕ್ಕೆ ಕಳೆ ಬಂತು. ನನಗೆ ಹೊಟ್ಟೆಕಿಚ್ಚಾಯಿತು ಎಂದರೂ ತಪ್ಪಿಲ್ಲ.

"ಸಹಸ್ರ ಎಷ್ಟು ಒಳ್ಳೇ ಮಗು ನೋಡು ದೊಡ್ಡವ್ವ" ಎನ್ನುತ್ತಿದ್ದಳು. "ಹಟ ಇಲ್ಲ, ಅಳು ಇಲ್ಲ. ಮಲಗಿಸಿದ ಕಡೆ ಮಲಗಿರ್ತಾಳೆ."

ಆದರೆ ತಲೆ ತಿಳಿಯಾದಷ್ಟೂ ಆ ಒಳ್ಳೆಯತನವೇ ಅವಳನ್ನು ಕೊರೆಯತೊಡಗಿತು. ಎದುರು ಮನೆಯ ಕೂಸು ಅದೇ ವಯಸ್ಸಿನದು, ಅಂಗಳವೆಲ್ಲ ಉರುಳಾಡಿ ಮಣ್ಣು ತಿನ್ನುತ್ತದೆ. ಸಹಸ್ರ ಹಗಲೂ ಕಲ್ಲಿನಂತೆ ನಿದ್ದೆ. ಕುಡಿಯುವುದನ್ನು ಬಿಟ್ಟವರ ಮೂಗು ನಾಯಿಯ ಮೂಗು. ಒಂದು ಮಧ್ಯಾಹ್ನ ಮಗುವಿನ ಬಾಯಿಗೆ ಮುತ್ತು ಕೊಡಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಹಿಂದೆಯೇ ತೊಟ್ಟಿಲ ಮೂಲೆಯಲ್ಲಿ ಸಿಕ್ಕಿಸಿದ್ದ ಬಟ್ಟೆಯ ಗಂಟು ಕಣ್ಣಿಗೆ ಬಿತ್ತು. ನಾನು ಅಲ್ಲೇ ಎಲೆ ಕತ್ತರಿಸುತ್ತ ಕೂತಿದ್ದೆ.

"ಏನತ್ತೆ ಇದು?"

"ಸಕ್ಕರೆ ನೀರು ಕಣೇ" ಎಂದಳು ಸಾಯವ್ವ, ತಲೆ ಎತ್ತದೆ.

ಗಂಗಮಣಿ ಆ ಬಟ್ಟೆಯನ್ನು ಮೂಸಿ, ಅತ್ತೆಯ ಮೂಗಿಗೂ ಹಿಡಿದಳು. "ಈ ಸಕ್ಕರೆ ನೀರು ಅಂಜಾಗೌಡನ ಕಾಂಪೌಂಡಲ್ಲಿ ಮಾರ್ತಾರಾ?"

ಸಾಯವ್ವ ಮೊರ ಕೆಳಗಿಟ್ಟಳು. "ಹೂಂ, ಕಳ್ಳೇ. ಏನೀಗ? ರಾಜೇಶಂನ್ನ ಇದರಲ್ಲೇ ಸಾಕಿದ್ದು, ಸತ್ನಾ? ಪ್ರಮೀಲನ್ನ ಇದರಲ್ಲೇ ಸಾಕಿದ್ದು. ನೀನು ಆ ಕೋಣೇಲಿ ದೆವ್ವ ಹಿಡಿದೋಳ ಹಂಗೆ ಕಿರುಚ್ತಾ ಇದ್ದಾಗ ನಾನು ಬೀಡಿ ಸುತ್ಲಾ, ಈ ಕೂಸಿಗೆ ಜೋಗುಳ ಹಾಡ್ಲಾ? ಮೊದಲು ಬೆರಳು ಅದ್ದಿ ಚೀಪಿಸಿದೋಳು ಯಾರು? ನಾನಾ ನೀನಾ?"

ಅದು ಸುಳ್ಳಲ್ಲ. ಸಹಸ್ರ ಹುಟ್ಟಿದ ಹೊಸದರಲ್ಲಿ ಗಂಗಮಣಿಯೂ ಬೆರಳು ಅದ್ದಿ ಚೀಪಿಸಿದ್ದಳು. ನಮ್ಮಲ್ಲಿ ತೊಟ್ಟಿಲೂ ಮೊರವೂ ಅಕ್ಕಪಕ್ಕದಲ್ಲೇ ಇರುತ್ತವೆ. ಮಗು ಎದ್ದಿತೋ, ಆ ದಿನದ ಬೀಡಿ ಮುಗಿಯುವುದಿಲ್ಲ. ಓಣಿಯ ಮಕ್ಕಳೆಲ್ಲ ಈ ಬಟ್ಟೆ ಚೀಪಿಕೊಂಡೇ ಬೆಳೆದವು, ಬೆಳೆಯದವನ್ನು ಬಾಲಗ್ರಹ ಹೊಡೆಯಿತು ಎಂದು ಹೂತು ಬಂದೆವು. ಆದರೆ ಗಂಗಮಣಿ ಈಗ ಆ ಹಳೆಯ ಗಂಗಮಣಿ ಅಲ್ಲ. ಅತ್ತೆಯ ಮಂಚದ ಕೆಳಗಿದ್ದ ಬಾಟಲಿಗಳನ್ನೆಲ್ಲ ಹೊರಗೆ ತಂದು ಕಲ್ಲಿನ ಮೇಲೆ ಕುಕ್ಕಿ ಒಡೆದಳು.

"ಇನ್ಮೇಲೆ ಈ ಮನೆಗೆ ಬಾಟಲಿ ಬಂದ್ರೆ ನಾನು ಮನುಷ್ಯಳಲ್ಲ! ನೀನು ಅಲ್ಲೇ ಕುಡಿದು ಅಲ್ಲೇ ಬಿದ್ದಿರು. ನನ್ನ ಮಗಳು ಇನ್ನು ಒಂದು ತೊಟ್ಟು ಮುಟ್ಟಲ್ಲ. ನಾನು ತಡ್ಕೊಂಡೆ, ಅವಳೂ ತಡ್ಕೋತಾಳೆ."

ನನಗೂ ಅದು ಸರಿ ಎನಿಸಿತು. ಒಳ್ಳೆ ಕೆಲಸ ಮಾಡಿದೆ ಕಣೇ ಎಂದೆ. ಅಂಥ ಬಲವಾದ ಆಳು ತಡೆದುಕೊಂಡದ್ದನ್ನು ಅಂಗೈಯಗಲದ ಕೂಸು ಹೇಗೆ ತಡೆದುಕೊಂಡೀತು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮಾರನೆಯ ದಿನ ಮಗು ಎದ್ದಾಗಿನಿಂದ ಅಳುತ್ತಲೇ ಇತ್ತು. ಹಾಲು ಕೊಟ್ಟರೆ ಕಕ್ಕಿತು. ಎತ್ತಿದರೂ ಅಳು, ಇಳಿಸಿದರೂ ಅಳು. ಮೂಗಿನ ತುದಿಯಲ್ಲಿ ಬೆವರು. ಸಂಜೆ ನಾನು ಎಂದಿನಂತೆ ಕಾಂಪೌಂಡಿಗೆ ಹೋದೆ, ಹೋಗುವಾಗಲೂ ಆ ಅಳು ಕಿವಿಯಲ್ಲಿತ್ತು. ಹೆಂಗಸರ ಸಾಲಿನಲ್ಲಿ ಕೂತು, ಹುರಿದ ಮೀನಿನ ತುಂಡು ಬಾಯಿಗೆ ಹಾಕಿಕೊಂಡು, ಅರ್ಧ ಬಾಟಲಿ ಇಳಿಸಿದ್ದೆ. ಆಗ ಬಾಗಿಲಲ್ಲಿ ಗಂಗಮಣಿ ಕಾಣಿಸಿಕೊಂಡಳು. ತಲೆ ಕೆದರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಬಂತು ನೋಡ್ರೋ, ದಸರಾ ಈ ಸಲ ಮೊದಲೇ ಬಂತು!" ಎಂದು ಗಂಡಸರ ಕಡೆಯಿಂದ ಯಾವನೋ ಕೂಗಿದ. ಎಲ್ಲರೂ ನಕ್ಕರು. ಫೋನುಗಳು ಮೇಲೆದ್ದವು.

ಗಂಗಮಣಿಗೆ ಯಾವುದೂ ಕೇಳಿಸಲಿಲ್ಲ. ಹಣದ ಗಲ್ಲಾದ ಮುಂದೆ ಹೋಗಿ ಕೈ ಮುಗಿದಳು. "ಗೌಡ್ರೇ, ಒಂದು ಬಾಟಲಿ ಕೊಡಿ. ಅರ್ಧ ಕೊಡಿ. ನಿಮ್ಮ ಕಾಲು ಹಿಡೀತೀನಿ."

ಅಂಜಾಗೌಡ ಹಿಂದೆ ಸರಿದ. "ನಿಂಗೆ ಕೊಟ್ರೆ ಸಂಘದೋರು ನನ್ನ ಸುಮ್ನೆ ಬಿಡ್ತಾರೇನವ್ವ? ಹೋಗು, ಮನೆಗೆ ಹೋಗು."

"ನಂಗಲ್ಲ ಗೌಡ್ರೇ, ನನ್ನ ಮಗೀಗೆ!"

ಅದಕ್ಕೆ ಇನ್ನಷ್ಟು ನಗು. ಅವಳು ತಿರುಗಿ ನೋಡಿದಳು, ಸಾಲಿನಲ್ಲಿ ನನ್ನನ್ನು ಕಂಡಳು. ನಾನು ಏನಾಯಿತೇ ಎಂದು ಕೇಳುವುದರೊಳಗೆ ನನ್ನ ಕೈಯಲ್ಲಿದ್ದ ಬಾಟಲಿ ಅವಳ ಕೈಯಲ್ಲಿತ್ತು. ಹೆಬ್ಬೆರಳಿನಿಂದ ಅದರ ಬಾಯಿ ಮುಚ್ಚಿ ಹಿಡಿದು ಬಂದ ದಾರಿಯಲ್ಲೇ ಓಡಿದಳು. ಅಷ್ಟು ದಿನ ಅದಿಲ್ಲದೆ ಗೋಡೆಗೆ ತಲೆ ಬಡಿದುಕೊಂಡವಳು ಅದನ್ನು ತುಟಿಯ ಹತ್ತಿರಕ್ಕೂ ತರಲಿಲ್ಲ. ನಾನು ಕಣ್ಣಾರೆ ಕಂಡೆ. ಕಾಂಪೌಂಡಿನಲ್ಲಿದ್ದ ಮಿಕ್ಕವರೆಲ್ಲ ಕಂಡದ್ದು ಬಾಟಲಿಯನ್ನು ಮಾತ್ರ.

ನಾನೂ ಹಿಂದೆ ಓಡಿದೆ. ಮನೆಯಲ್ಲಿ ಸಹಸ್ರ ಚಾಪೆಯ ಮೇಲೆ ಬಿಲ್ಲಿನಂತೆ ಬೆನ್ನು ಎತ್ತಿ ಸೆಟೆದಿತ್ತು. ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡಿದ್ದವು, ತುಟಿ ನೀಲಿ. ಒಂದು ಕೈ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಸಾಯವ್ವ ಮೂಲೆಯಲ್ಲಿ ಕೂತು "ಗ್ರಹ ಬಡಿದಿದೆ, ಗ್ರಹ" ಎಂದು ಬೂದಿ ಎರಚುತ್ತಿದ್ದಳು. ದೊಡ್ಡಾಸ್ಪತ್ರೆ ಇರುವುದು ದೂರದ ಕಾಮಾರೆಡ್ಡಿ ಪೇಟೆಯಲ್ಲಿ, ಬಸ್ಸಿಗೆ ಬೆಳಗಾಗಬೇಕು, ಕಾಂಪೌಂಡು ಇರುವುದು ಓಣಿಯ ತುದಿಯಲ್ಲಿ. ಕಳ್ಳಿನ ನಡುಕಕ್ಕೆ ಕಳ್ಳೇ ಮದ್ದು ಎಂಬುದನ್ನು ಬಿಟ್ಟು ನಮಗೆ ಬೇರೆ ವೈದ್ಯ ಏನು ಗೊತ್ತಿತ್ತು? ಸೆಟೆತ ಒಂದಿಷ್ಟು ಸಡಿಲವಾಗುವುದನ್ನೇ ಕಾದು, ಗಂಗಮಣಿ ಬೆರಳು ಅದ್ದಿ ಮಗುವಿನ ಒಸಡಿಗೆ ಸವರಿದಳು. ಮತ್ತೆ ಅದ್ದಿದಳು, ಮತ್ತೆ ಸವರಿದಳು. ಹಾಗೆ ಸವರುವಾಗೆಲ್ಲ "ಅಮ್ಮನ್ನ ಕ್ಷಮಿಸು ತಾಯಿ, ಅಮ್ಮನ್ನ ಕ್ಷಮಿಸು" ಎನ್ನುತ್ತಿದ್ದಳು. ಮಗುವಿನ ಮೈ ಮೆಲ್ಲಗೆ ಇಳಿಯಿತು. ಉಸಿರು ಸರಿಯಾಯಿತು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಬಾಯಿಗಿಟ್ಟುಕೊಂಡು ಮಲಗಿತು.

ಆಮೇಲೆ ಗಂಗಮಣಿ ತನ್ನ ಬೆರಳನ್ನು ನೋಡುತ್ತ ಕೂತಳು. ಅದು ಇನ್ನೂ ಒದ್ದೆಯಾಗಿತ್ತು. ಈಗ ಚೀಪಿಬಿಡುತ್ತಾಳೆ ಎಂದೇ ಅಂದುಕೊಂಡೆ. ನಾನಾಗಿದ್ದರೆ ಚೀಪುತ್ತಿದ್ದೆ. ಅವಳು ಎದ್ದು ಹೋಗಿ ಒಲೆಯ ಬೂದಿಯಲ್ಲಿ ಬೆರಳನ್ನು ಸಿಪ್ಪೆ ಸುಲಿಯುವ ಹಾಗೆ ಉಜ್ಜಿದಳು.

"ಆ ಬಾಟಲಿ ತಗೊಂಡು ಹೋಗು ದೊಡ್ಡವ್ವ" ಎಂದಳು ನನ್ನ ಕಡೆ ತಿರುಗದೆ. "ನನ್ನ ಕಣ್ಣ ಮುಂದೆ ಬೇಡ. ಬೆಳಿಗ್ಗೆ ಮೊದಲ ಬಸ್ಸಿಗೆ ದೊಡ್ಡಾಸ್ಪತ್ರೆಗೆ ಹೋಗೋಣ. ಇದನ್ನ ಬಿಡಿಸೋಕೆ ಡಾಕ್ಟರ ಹತ್ರ ಬೇರೆ ದಾರಿ ಇರುತ್ತೆ. ನೀನೂ ಬರ್ತೀಯಾ?"

ಬರುತ್ತೇನೆ ಎಂದೆ. ಬಾಟಲಿಯನ್ನು ಎತ್ತಿಕೊಂಡು ಹೊರಟೆ. ಚರಂಡಿಗೆ ಸುರಿದೆ ಎಂದು ಹೇಳಿದರೆ ನೀವು ನಂಬಬೇಡಿ.

ಬೆಳಿಗ್ಗೆ ಬಸ್ಸಿಗೆ ಮೊದಲು ಬಂದದ್ದು ಸಂಘದವರು. ಕಾಂಪೌಂಡಿನ ವಿಡಿಯೊ ರಾತ್ರಿಯೇ ದುಬೈಗೂ ಜಗಿತ್ಯಾಲಕ್ಕೂ ಹೋಗಿತ್ತು. ಪ್ರಮೀಲ ಆಟೊ ಮಾಡಿಸಿಕೊಂಡು ಬಂದಿಳಿದಳು, ಮಗುವಿಗೆಂದು ಹೊಸ ಫ್ರಾಕು, ಹಾಲಿನ ಬಾಟಲಿ, ಎಲ್ಲ ತಂದಿದ್ದಳು. ಅಂಗಳದಲ್ಲಿ ಚಾಪೆ ಹಾಸಿ ಹಿರಿಯರು ಕೂತರು. ನರಹರಿ ಮತ್ತೆ ಫೋನು ಜೋರಾಗಿಟ್ಟ.

"ಏನಮ್ಮ ಗಂಗಮಣಿ, ಮಾತು ಉಳಿಸ್ಕೊಂಡೆಯಾ?" ಎಂದ.

"ನಾನು ಕುಡಿದಿಲ್ಲ ದೊಡ್ಡಪ್ಪ. ಈ ಮಗು ಮೇಲೆ ಆಣೆ. ಮಗು ಸೆಟೆದುಕೊಂಡಿತ್ತು, ಜೀವ ಹೋಗ್ತಿತ್ತು. ಅತ್ತೆ ಅದಕ್ಕೆ ದಿನಾ ಕಳ್ಳು ಚೀಪಿಸಿ ಅಭ್ಯಾಸ ಮಾಡಿಸಿದ್ರು. ನಾನು ನಿಲ್ಲಿಸಿದೆ, ಅದಕ್ಕೇ ಹಂಗಾಯ್ತು."

ಎಲ್ಲರೂ ಸಾಯವ್ವನ ಕಡೆ ನೋಡಿದರು. ಮಗನ ಧ್ವನಿ ಬರುವ ಫೋನು ಎದುರಿಗೇ ಇತ್ತು, ಮಗ ಕಳಿಸುವ ಹಣದಲ್ಲಿ ಮುದುಕಿಯ ಅನ್ನ ಬೇಯುತ್ತಿತ್ತು. ಸಾಯವ್ವ ಎದೆ ಬಡಿದುಕೊಂಡಳು.

"ಅಯ್ಯೋ ಎಲ್ಲಮ್ಮ ತಾಯಿ! ನಾನು ಕೊಟ್ನಾ? ನನ್ನ ಮೊಮ್ಮಗಳಿಗೆ ನಾನು ವಿಷ ಕೊಡ್ತೀನಾ? ಕುಡಿದು ಬಿದ್ದೋಳು ಇವಳು, ಮಾನ ಹೋಗೋದು ನಂದಾ?"

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುವುದು ಇದಕ್ಕೇ. ನನಗೆ ಮೈ ಉರಿದುಹೋಯಿತು. "ಏ ಸಾಯವ್ವ, ನಾಲಿಗೆ ಬಿದ್ದೋದಾತು! ಆ ಬಟ್ಟೆ ಗಂಟು ನಾನು ನೋಡಿಲ್ವಾ? ನಿನ್ನೆ ಬಾಟಲಿ ನಂದೇ. ಇವಳು ಒಂದು ಹನಿ ಕುಡಿಯಲಿಲ್ಲ, ನಾನು ಸಾಕ್ಷಿ" ಎಂದು ಕೂಗಿದೆ.

"ಕುಡುಕಿಗೆ ಕುಡುಕಿ ಸಾಕ್ಷಿ" ಎಂದ ಒಬ್ಬ ಹಿರಿಯ. ಅವನ ಕಣ್ಣುಗಳು ಇನ್ನೂ ನಿನ್ನೆಯ ಕಳ್ಳಿನಲ್ಲೇ ತೇಲುತ್ತಿದ್ದವು. ಎಲ್ಲರೂ ನಕ್ಕರು. ನನ್ನ ಮಾತು ಅಲ್ಲಿಗೇ ಮುಗಿಯಿತು.

ಫೋನಿನಲ್ಲಿ ರಾಜೇಶಂ ಅಂದ, "ನಮ್ಮವ್ವನ ಮೇಲೆ ಹಾಕ್ತೀಯೇನೇ? ಅಕ್ಕ, ಮಗು ಎತ್ಕೊಂಡು ಹೋಗು."

ನರಹರಿ ಕೆಟ್ಟವನಲ್ಲ. ಗಡ್ಡ ಕೆರೆದುಕೊಂಡು, "ನೋಡಪ್ಪ, ಹೆತ್ತ ಕರುಳು. ಈಗ ಮಗು ಪ್ರಮೀಲನ ಹತ್ರ ಇರಲಿ. ನೀನು ದಸರಾಕ್ಕೆ ಬಾ, ಆಗ ಮತ್ತೆ ಕೂರೋಣ. ಇವಳು ನೆಟ್ಟಗಾಗಿದ್ರೆ ಕೊಡೋಣ, ಇಲ್ಲಾಂದ್ರೆ ಇಲ್ಲ" ಎಂದ. ರಾಜೇಶಂ ಗೊಣಗುತ್ತ ಒಪ್ಪಿದ. ಗಂಗಮಣಿಯೂ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ದಸರಾ ಎಂಬ ಒಂದು ಎಳೆ ಇನ್ನೂ ಅವಳ ಕೈಯಲ್ಲಿ ಉಳಿದಿತ್ತು.

ಮಗುವಿಗೆ ಹೊಸ ಫ್ರಾಕು ತೊಡಿಸಿದ್ದು ಗಂಗಮಣಿಯೇ. ಮಗುವನ್ನು ಪ್ರಮೀಲಳ ಕೈಗೆ ಕೊಡುತ್ತ, "ಪ್ರಮೀಲಕ್ಕ, ಮೊದಲು ದೊಡ್ಡಾಸ್ಪತ್ರೆಗೆ ಹೋಗು. ಮನೆಗೆ ಆಮೇಲೆ ಹೋಗು. ಮಗು ಮೈಯಲ್ಲಿ ಕಳ್ಳು ಸೇರಿದೆ. ಇವತ್ತು ಸಿಗದಿದ್ರೆ ಸಂಜೆಗೋ ನಾಳೆಗೋ ಮತ್ತೆ ಸೆಟೆದುಕೊಳ್ಳುತ್ತೆ. ಡಾಕ್ಟರಿಗೆ ಗೊತ್ತಾದ್ರೆ ಮದ್ದು ಕೊಡ್ತಾರೆ" ಎಂದಳು.

ಪ್ರಮೀಲ ಮಗುವನ್ನು ಎದೆಗೊತ್ತಿಕೊಂಡಳು. "ಇದು ಹೊಸ ನಾಟಕಾನಾ? ನಮ್ಮವ್ವ ಕೊಟ್ಟಳು ಅಂತ ಸುಳ್ಳು ಹೇಳಿದೋಳು ನೀನು. ಅದು ಸುಳ್ಳಾದ ಮೇಲೆ ಇದೂ ಸುಳ್ಳೇ. ಮಗು ಬಂಗಾರದ ಹಂಗೆ ಮಲಗಿದೆ. ದೃಷ್ಟಿ ಆಗಿರುತ್ತೆ, ನಮ್ಮ ಸ್ವಾಮಿಗಳ ಹತ್ರ ತಾಯತ ಕಟ್ಟಿಸ್ತೀನಿ."

"ತಾಯತದಲ್ಲಿ ಹೋಗಲ್ಲ ಅಕ್ಕ!"

"ಆಸ್ಪತ್ರೆಗೆ ಹೋಗಿ ಏನಂತ ಹೇಳ್ಲಿ? ನಮ್ಮವ್ವ ಕೂಸಿಗೆ ಕಳ್ಳು ಕುಡಿಸಿದಳು ಅಂತಾನಾ? ಪೊಲೀಸ್ರನ್ನ ನಮ್ಮನೆಗೆ ಕರೆಸೋ ಉಪಾಯ ಇದು. ನಂಗೆ ಗೊತ್ತಾಗಲ್ವಾ?"

ಗಂಗಮಣಿ ಅವಳನ್ನೇ ನೋಡಿದಳು. ಆಮೇಲೆ ಅತ್ತೆಯ ಕಡೆ ನೋಡಿದಳು. ಈಗಲಾದರೂ ಬಾಯಿ ಬಿಡು ಎಂದು ಬೇಡುವಂಥ ನೋಟ ಅದು. ಮುದುಕಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ನೆಲ ಕೆರೆಯುತ್ತಿದ್ದಳು. ನಾನು ಬಾಯಿ ತೆರೆದೆ, ಗಂಗಮಣಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಸುಮ್ನಿರು ದೊಡ್ಡವ್ವ. ನಿನ್ನ ಕಾಲಿಗೆ ಬೀಳ್ತೀನಿ, ಸುಮ್ನಿರು." ಕೈ ಬಿಟ್ಟು ನಡುಅಂಗಳಕ್ಕೆ ಹೋಗಿ ನಿಂತಳು.

"ದೊಡ್ಡಪ್ಪ, ಕೇಳಿ. ಎಲ್ಲರೂ ಕೇಳಿ. ಅತ್ತೆ ಕೊಡಲಿಲ್ಲ. ಅತ್ತೇದೇನೂ ತಪ್ಪಿಲ್ಲ. ನಾನೇ ಕೊಟ್ಟೆ. ಹುಟ್ಟಿದಾಗಿಂದ ದಿನಾ ಬೆರಳು ಅದ್ದಿ ಚೀಪಿಸ್ತಿದ್ದೆ. ನಿನ್ನೆ ನಾನೂ ಕುಡಿದೆ, ಮಗೂಗೂ ಕುಡಿಸಿದೆ. ಕದ್ದು ಕದ್ದು ಕುಡೀತಾನೇ ಇದ್ದೆ. ಬಿಟ್ಟಿರಲೇ ಇಲ್ಲ."

ಫೋನಿನಲ್ಲಿ ರಾಜೇಶಂ ಮಾತಾಡಿದ. ಅವನು ಈ ಸಲ ಕೂಗಲಿಲ್ಲ, ಅದಕ್ಕೇ ಇನ್ನೂ ಕೆಟ್ಟದಾಗಿ ಕೇಳಿಸಿತು. "ನರಹರಯ್ಯ, ಇನ್ನು ದಸರಾ ಗಿಸರಾ ಏನೂ ಬೇಡ. ಆ ಮಗು ಅಕ್ಕಂದು. ಇವಳು ಅದರ ಮುಖ ನೋಡಕೂಡದು. ನಾನೂ ಇವಳ ಮುಖ ನೋಡಲ್ಲ." ನರಹರಿ ಫೋನು ಜೇಬಿಗೆ ಹಾಕಿಕೊಂಡ.

ಪ್ರಮೀಲ ಮಗುವನ್ನು ಎಡಗೈಗೆ ಬದಲಾಯಿಸಿಕೊಂಡು ಬಂದು ಬಲಗೈಯಿಂದ ಗಂಗಮಣಿಯ ಕೆನ್ನೆಗೆ ಬಾರಿಸಿದಳು. "ಕೂಸಿಗೇನೇ? ಹೆತ್ತ ಕೂಸಿಗೇನೇ? ನೀನು ತಾಯಿಯೇನೇ?"

"ಇನ್ನೊಂದು ಹೊಡಿ ಅಕ್ಕ" ಎಂದಳು ಗಂಗಮಣಿ. "ಹೊಡೆದು ಆಸ್ಪತ್ರೆಗೆ ಹೋಗು. ಈಗ ನಂಬ್ತೀಯಲ್ಲ?"

ನಂಬಿದ್ದಳು. ಆಟೊದವನಿಗೆ "ಬೇಗ, ಬೇಗ, ದೊಡ್ಡಾಸ್ಪತ್ರೆ" ಎಂದಳು. ಅವಳು ಹತ್ತಿ ಕೂತಳು. ಗಂಗಮಣಿ ಆಟೊದ ಕಂಬಿ ಹಿಡಿದು ನಿಂತಳು, ನಾನು ಅವಳ ಪಕ್ಕದಲ್ಲಿ. ಕೆನ್ನೆಯ ಮೇಲೆ ಬೆರಳುಗಳ ಗುರುತು ಇನ್ನೂ ಕೆಂಪಗಿತ್ತು.

"ಡಾಕ್ಟರು ಕೇಳ್ತಾರೆ. ಏನಂತೀಯಾ ಅಕ್ಕ?"

"ಮಗೂಗೆ ಕಳ್ಳು ಕೊಟ್ಟಿದ್ರು ಅಂತೀನಿ."

"ಯಾರು ಅಂತ ಕೇಳ್ತಾರೆ. ತಡವರಿಸಿದ್ರೆ ನಂಬಲ್ಲ."

"ತಾಯಿ ಅಂತೀನಿ."

"ಯಾವಾಗಿಂದ?"

"ಹುಟ್ಟಿದಾಗಿಂದ."

"ಕಡೇ ಸಲ ಯಾವಾಗ?"

"ನಿನ್ನೆ ಸಂಜೆ."

"ನಿಲ್ಲಿಸಿದಾಗ ಸೆಟೆದುಕೊಂಡಿತ್ತು, ತುಟಿ ನೀಲಿ ಆಗಿತ್ತು. ಅದನ್ನೂ ಹೇಳು. ಇನ್ನೊಂದು ಸಲ ಹೇಳು ಅಕ್ಕ, ಮೊದಲಿಂದ."

ಪ್ರಮೀಲ ಮೊದಲಿನಿಂದ ಹೇಳಿದಳು. ತಾಯಿ ಕೊಟ್ಟಳು, ಹುಟ್ಟಿದಾಗಿನಿಂದ ಕೊಟ್ಟಳು, ನಿನ್ನೆ ಸಂಜೆ ಕೊಟ್ಟಳು, ನಿಲ್ಲಿಸಿದಾಗ ಸೆಟೆದುಕೊಂಡಿತ್ತು, ತುಟಿ ನೀಲಿಯಾಗಿತ್ತು. ಗಂಗಮಣಿ ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿಸಿಕೊಂಡಳು, ತಪ್ಪಿಲ್ಲ ಎಂದು ಖಾತ್ರಿಯಾದ ಮೇಲೆ ಕಂಬಿಯಿಂದ ಕೈ ತೆಗೆದಳು.

ಆಟೊ ಗುಡುಗಿದ ಸದ್ದಿಗೆ ಸಹಸ್ರ ಕಣ್ಣು ಬಿಟ್ಟಿತು. ಕತ್ತು ಹೊರಳಿಸಿ ತಾಯಿಗಾಗಿ ಹುಡುಕಿತು, ಬಾಯಿ ಸೊಟ್ಟ ಮಾಡಿ ಎರಡೂ ಕೈ ನನ್ನ ಕಡೆ ಚಾಚಿತು. ಮಗು ಹಟ ಹಿಡಿದೀತು, ಆಸ್ಪತ್ರೆಗೆ ತಡವಾದೀತು ಎಂದು ಗಂಗಮಣಿ ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಅಡಗಿ ಕೂತಿದ್ದಳು.